ಕಾರು ಕೊಳ್ಳುವ ಮುನ್ನ

ವಿಜಯಪುರದ ಸಿದ್ಧೇಶ್ವರ ಜಾತ್ರೆಯಲ್ಲಿ ಎತ್ತು ಕೊಳ್ಳುವ ರೈತನನ್ನು ತಾವು ನೋಡಿರಬಹುದು. ಆತನಿಗೆ ಆತುರವೆಂಬುದಿಲ್ಲ. ಮೊದಲು ದೂರ ನಿಂತು ಎತ್ತಿನ ನಿಲುವನ್ನು ನೋಡುತ್ತಾನೆ, ಬಳಿಕ ಹತ್ತಿರ ಬಂದು ಬಾಯಿ ತೆರೆಸಿ ಹಲ್ಲು ಎಣಿಸುತ್ತಾನೆ, ಸುಳಿ ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸಿ, ಕಾಲು ಎಳೆಯುವುದೇನೋ ಎಂದು ಪರೀಕ್ಷಿಸುತ್ತಾನೆ, ಸಾಧ್ಯವಾದರೆ ಬಂಡಿಗೆ ಹೂಡಿಯೂ ನೋಡುತ್ತಾನೆ. ಇಷ್ಟಾದ ಮೇಲೆಯೇ ಬೆಲೆಯ ಮಾತು. ಆ ಮಾತೂ ಬಾಯಲ್ಲಿ ಆಗುವುದಿಲ್ಲ. ದಲ್ಲಾಳಿಯ ಕೈಯೂ ಕೊಳ್ಳುವವನ ಕೈಯೂ ಒಂದು ಟವಲಿನ ಕೆಳಗೆ ಸೇರುತ್ತವೆ. ಬೆರಳು ಹಿಡಿದು ಸಾವಿರವೆಷ್ಟು, ನೂರೆಷ್ಟು ಎಂದು ತಿಳಿಸುತ್ತಾರೆ. ಸುತ್ತ ನಿಂತವರಿಗೆ ಏನೊಂದೂ ತಿಳಿಯದು. ಆದರೆ ಕೊಡುವವನಿಗೂ ಕೊಳ್ಳುವವನಿಗೂ ಲೆಕ್ಕ ಚೆನ್ನಾಗಿ ತಿಳಿದಿರುತ್ತದೆ.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಮನೆಗಳಲ್ಲಿ ಎತ್ತಿನ ವ್ಯವಹಾರ ಬಲ್ಲ ಹಿರಿಯರಿಗೆ ಕೊರತೆಯಿಲ್ಲ. ಆದರೆ ಅದೇ ಹಿರಿಯರು ಮಗನನ್ನೋ ಮೊಮ್ಮಗನನ್ನೋ ಕರೆದುಕೊಂಡು ಕಾರು ಕೊಳ್ಳಲು ಹೊರಟಾಗ, ತಣ್ಣನೆಯ ಗಾಜಿನ ಕೋಣೆಯಲ್ಲಿ ಕುಳಿತು, ಚಹಾ ಕುಡಿದು, ಹಲ್ಲು ಎಣಿಸದೆಯೇ ಮುಂಗಡ ಕೊಟ್ಟು ಬಂದುಬಿಡುತ್ತಾರೆ. ಕಾರಿಗೆ ತೆರುವ ಹಣ ಸಾಮಾನ್ಯವಾದುದಲ್ಲ. ಅದು ಲಿಂಬೆಯ ತೋಟದ ನಾಲ್ಕು ವರ್ಷದ ಉಳಿತಾಯವಾಗಿರಬಹುದು, ತೊಗರಿ ಮಾರಿ ಬಂದ ಹಣವಾಗಿರಬಹುದು, ನಿವೃತ್ತ ಶಿಕ್ಷಕರೊಬ್ಬರ ಗ್ರಾಚ್ಯುಯಿಟಿಯಾಗಿರಬಹುದು. ಇಲ್ಲಿ ಟವಲಿನ ಕೆಳಗೆ ಇರುವುದು ಮಾರುವವನ ಕೈ ಮಾತ್ರ. ಕೊಳ್ಳುವವನು ಸುತ್ತ ನಿಂತವರ ಸಾಲಿಗೆ ಸೇರಿಬಿಟ್ಟಿರುತ್ತಾನೆ. ಆ ಟವಲನ್ನು ಸರಿಸಿ ನೋಡುವುದು ಹೇಗೆಂಬುದನ್ನು ಈ ಲೇಖನದಲ್ಲಿ ವಿಚಾರಿಸೋಣ.

ಮೊದಲನೆಯ ಮಾತು: ಪರೀಕ್ಷೆಯ ದಿನವೇ ಬೇರೆ, ಬೆಲೆಯ ದಿನವೇ ಬೇರೆ ಆಗಿರಲಿ. ನಮ್ಮ ತಾಲ್ಲೂಕುಗಳಿಂದ ವಿಜಯಪುರಕ್ಕೆ ಹೋಗಿ ಬರುವುದರಲ್ಲಿ ಒಂದು ದಿನವೇ ಕಳೆಯುತ್ತದೆ. ಇಷ್ಟು ದೂರ ಬಂದೆವಲ್ಲ, ಕೆಲಸ ಮುಗಿಸಿಕೊಂಡೇ ಹೋಗೋಣ ಎಂಬ ಯೋಚನೆ ಸಹಜ. ಆ ಯೋಚನೆಯನ್ನು ಮಾರುವವರೂ ಬಲ್ಲರು. ಹೊಸ ಗಾಡಿಯನ್ನು ಓಡಿಸಿ ಇಳಿದ ಕೂಡಲೆ ಮನಸ್ಸು ಅರಳಿರುತ್ತದೆ. ಮಕ್ಕಳು ಬಣ್ಣವನ್ನೂ ಆರಿಸಿ ಆಗಿರುತ್ತದೆ. ಆ ಗಳಿಗೆಯಲ್ಲಿ ಬೆಲೆಯ ಮಾತಿಗೆ ಕೂಡುವುದೆಂದರೆ, ಎತ್ತಿನ ಕೊರಳಿಗೆ ಗೆಜ್ಜೆ ಕಟ್ಟಿದ ಮೇಲೆ ಚೌಕಾಶಿಗೆ ನಿಂತಂತೆ. ಇನ್ನೊಂದು ಬಸ್ಸಿನ ಖರ್ಚಾದರೂ ಚಿಂತೆಯಿಲ್ಲ, ಆ ದಿನ ಮನೆಗೆ ಹಿಂದಿರುಗಿರಿ.

ಹೊರಡುವ ಮುನ್ನ ಮನೆಯಲ್ಲಿಯೇ ಎರಡು ಲೆಕ್ಕ ಆಗಬೇಕು. ಒಂದು, ಗಾಡಿಯಲ್ಲಿ ಕೂಡುವವರು ಯಾರು, ಅದು ಓಡಬೇಕಾದ ದಾರಿ ಯಾವುದು. ಮೊಣಕಾಲು ನೋವಿನ ಅಜ್ಜಿ ಇದ್ದರೆ ತೀರ ತಗ್ಗಾದ ಗಾಡಿಯೂ ತೀರ ಎತ್ತರದ ಗಾಡಿಯೂ ಆಗದು. ಹೊಲದ ಮನೆಗೆ ಎರೆ ನೆಲದ ದಾರಿಯಿದ್ದರೆ ಗಾಡಿಯ ಹೊಟ್ಟೆ ನೆಲಕ್ಕೆ ತಾಗದಿರುವುದು ಮುಖ್ಯ. ಎರಡು, ಒಟ್ಟು ಎಷ್ಟು ಹಣ. ತಿಂಗಳ ಕಂತು ಎಷ್ಟೆಂಬುದಲ್ಲ. ತೆರಿಗೆ, ವಿಮೆ ಎಲ್ಲವೂ ಸೇರಿ ಗಾಡಿ ಮನೆಯ ಮುಂದೆ ನಿಲ್ಲುವಾಗ ಒಟ್ಟು ಎಷ್ಟಾಗಬಹುದು ಎಂಬುದು. ಈ ಅಂಕಿಯನ್ನು ಕಾಗದದ ಮೇಲೆ ಬರೆದು ಕಿಸೆಯಲ್ಲಿಟ್ಟುಕೊಳ್ಳಿರಿ. ಅದನ್ನು ಅಂಗಡಿಯಲ್ಲಿ ಯಾರಿಗೂ ಹೇಳಬೇಕಾದ ಕಾರಣವಿಲ್ಲ.

ಇನ್ನು ಟೆಸ್ಟ್ ಡ್ರೈವಿನ ಮಾತು. ಓಡಿಸುವವರು ತಮ್ಮ ಡ್ರೈವಿಂಗ್ ಲೈಸೆನ್ಸನ್ನು ಜೊತೆಗಿಟ್ಟುಕೊಂಡಿರಬೇಕು. ಲೈಸೆನ್ಸ್ ಇಲ್ಲದವರು ಚಕ್ರ ಹಿಡಿಯಕೂಡದು. ಮನೆಯಲ್ಲಿ ಓಡಿಸಲು ಬಲ್ಲವರೊಬ್ಬರನ್ನು ಕರೆದೊಯ್ಯಿರಿ. ಅಂಗಡಿಯವರು ಒಂದು ಕಾಗದಕ್ಕೆ ಸಹಿ ಕೇಳಬಹುದು. ಅಪಘಾತವಾದರೆ ಹೊಣೆ ಯಾರದು, ಗಾಡಿಗೆ ವಿಮೆ ಇದೆಯೇ ಎಂಬುದನ್ನು ಕೇಳಿ, ಓದಿ, ಆಮೇಲೆ ಸಹಿ ಮಾಡಿರಿ. ಓದಲು ಸಮಯ ಕೇಳುವುದರಲ್ಲಿ ಸಂಕೋಚವೇನೂ ಇಲ್ಲ.

ಪರೀಕ್ಷೆಗೆಂದು ಇಟ್ಟ ಗಾಡಿ ಬಹುಮಟ್ಟಿಗೆ ಎಲ್ಲ ಸೌಕರ್ಯಗಳೂ ಇರುವ ಮೇಲ್ದರ್ಜೆಯದಾಗಿರುತ್ತದೆ. ತಾವು ಕೊಳ್ಳಬೇಕೆಂದಿರುವುದು ಕೆಳಗಿನ ದರ್ಜೆಯದಾದರೆ, ಎರಡಕ್ಕೂ ಎಂಜಿನ್ನು ಒಂದೆಯೇ, ಗೇರು ಒಂದೆಯೇ, ಗಾಲಿಯ ಅಳತೆ ಒಂದೆಯೇ ಎಂದು ವಿಚಾರಿಸಿರಿ. ದಾರಿಯನ್ನು ಸೇಲ್ಸ್‌ಮನ್ನರು ಆರಿಸಿದರೆ ಅದು ನುಣ್ಣನೆಯ ಡಾಂಬರು ರಸ್ತೆಯೇ ಆಗಿರುತ್ತದೆ. ತಾವಾದರೋ ತಗ್ಗು ದಿನ್ನೆಯ ಗಲ್ಲಿಯೊಂದನ್ನೂ ಹೆದ್ದಾರಿಯ ಒಂದು ತುಣುಕನ್ನೂ ಕೇಳಿ ಪಡೆಯಿರಿ. ಒಬ್ಬರೇ ಕುಳಿತು ಓಡಿಸಿದರೆ ಸಾಲದು. ಹಿಂದಿನ ಸೀಟಿನಲ್ಲಿ ಮೂವರನ್ನು ಕೂರಿಸಿರಿ, ಅವರಲ್ಲಿ ಮನೆಯ ಹಿರಿಯರೊಬ್ಬರಿರಲಿ. ತುಂಬಿದ ಗಾಡಿ ಹಂಪು ದಾಟುವಾಗ ಕೆಳಗೆ ಉಜ್ಜುವುದೇ ಎಂದು ಕಿವಿಗೊಟ್ಟು ಕೇಳಿರಿ. ನಮ್ಮ ಸೀಮೆಯ ಏಪ್ರಿಲ್–ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುವುದು ಅಪರೂಪವಲ್ಲ. ಆದುದರಿಂದ ನಡುಹಗಲಿನಲ್ಲಿ ಹೋಗಿ, ತಂಪಿನ ಯಂತ್ರವು ಹಿಂದಿನ ಸೀಟಿಗೂ ಮುಟ್ಟುವುದೇ ಎಂದು ನೋಡಿರಿ. ಪಾಟಿನಿಂದ ಹಾಡು ಕೇಳಿಬರುತ್ತಿದ್ದರೆ ಅದನ್ನು ನಿಲ್ಲಿಸಲು ಹೇಳಿರಿ. ಎಂಜಿನ್ನಿನ ಸದ್ದು ತಮ್ಮ ಕಿವಿಗೆ ಬೀಳಬೇಕು.

ಸುರಕ್ಷತೆಯ ಒಂದು ಪ್ರಶ್ನೆಯನ್ನು ಮರೆಯಬೇಡಿರಿ. ಡಿಕ್ಕಿಯ ಪರೀಕ್ಷೆ ಮಾಡಿ ಗಾಡಿಗಳಿಗೆ ನಕ್ಷತ್ರ ಕೊಡುವ ‘ಭಾರತ್ ಎನ್‌ಕ್ಯಾಪ್’ ಎಂಬ ಏರ್ಪಾಡು 2023ರ ಅಕ್ಟೋಬರಿನಿಂದ ನಮ್ಮ ದೇಶದಲ್ಲಿಯೇ ನಡೆದಿದೆ. ಈ ಗಾಡಿಗೆ ಎಷ್ಟು ನಕ್ಷತ್ರ, ದೊಡ್ಡವರಿಗೆಷ್ಟು, ಮಕ್ಕಳಿಗೆಷ್ಟು ಎಂದು ಕೇಳಿರಿ. ಪರೀಕ್ಷೆಯೇ ಆಗಿಲ್ಲವೆಂಬುದೂ ಒಂದು ಉತ್ತರವೇ, ಅದನ್ನೂ ಬರೆದುಕೊಳ್ಳಿರಿ.

ಎದುರಿಗೆ ಕುಳಿತ ಸೇಲ್ಸ್‌ಮನ್ನನ ವಿಷಯವಾಗಿ ಎರಡು ಮಾತು ಹೇಳಬೇಕು. ಆತ ನಮ್ಮ ಶತ್ರುವಲ್ಲ. ಬಹುಶಃ ನಮ್ಮ ಜಿಲ್ಲೆಯದೇ ಯಾವುದೋ ಊರಿನ ಹುಡುಗ. ಸಣ್ಣ ಸಂಬಳ, ತಿಂಗಳಿಗೆ ಇಷ್ಟು ಗಾಡಿ ಮಾರಲೇಬೇಕೆಂಬ ಗುರಿ, ಗುರಿ ಮುಟ್ಟಿದರೆ ಮೇಲೆ ಒಂದಿಷ್ಟು ಹಣ. ವಿಮೆ, ಸಾಲ, ಬಿಡಿ ಸಾಮಾನುಗಳನ್ನು ಗಾಡಿಯೊಡನೆ ಕೂಡಿಸಿ ಮಾರಿದರೆ ಅಂಗಡಿಗೂ ಲಾಭವುಂಟು. ಆದುದರಿಂದ ಆತನೊಡನೆ ಸಿಡುಕಬೇಕಾಗಿಲ್ಲ. ‘ತಮ್ಮಾ’ ಎಂದು ಮಾತನಾಡಿಸಿರಿ, ಚಹಾ ಕುಡಿಯಿರಿ. ಆದರೆ ಆತ ಕೇಳುವ ಮೊದಲ ಪ್ರಶ್ನೆಗೆ ಉತ್ತರ ಕೊಡಬೇಡಿರಿ. ಆ ಪ್ರಶ್ನೆ ಸಾಮಾನ್ಯವಾಗಿ ಹೀಗಿರುತ್ತದೆ:

“ಸಾಹೇಬ್ರ, ತಿಂಗಳಿಗೆ ಎಷ್ಟು ಕಟ್ಟಾಕ ಆಗತೈತ್ರಿ?”

ಇದು ಬಹಳ ಮೆತ್ತಗಿನ ಪ್ರಶ್ನೆ. ಉತ್ತರ ಕೊಟ್ಟೊಡನೆ ಲೆಕ್ಕವೆಲ್ಲ ಟವಲಿನ ಕೆಳಗೆ ಹೋಗಿಬಿಡುತ್ತದೆ. ಏಕೆಂದರೆ ಕಂತನ್ನು ಎಷ್ಟು ಬೇಕಾದರೂ ಸಣ್ಣದು ಮಾಡಬಹುದು, ವರ್ಷಗಳನ್ನು ಹೆಚ್ಚಿಸಿದರಾಯಿತು. ಆರು ಲಕ್ಷ ರೂಪಾಯಿ ಸಾಲವನ್ನು ನೂರಕ್ಕೆ 9ರ ಬಡ್ಡಿಯಂತೆ 5 ವರ್ಷಕ್ಕೆ ತೆಗೆದುಕೊಂಡರೆ ತಿಂಗಳ ಕಂತು ಸುಮಾರು 12,455 ರೂಪಾಯಿ. ಅದನ್ನೇ 7 ವರ್ಷಕ್ಕೆ ಹಂಚಿದರೆ 9,653 ರೂಪಾಯಿ. ತಿಂಗಳಿಗೆ 2,800 ರೂಪಾಯಿ ಉಳಿಯಿತಲ್ಲ ಎಂದು ಸಂತೋಷವಾಗುತ್ತದೆ. ಆದರೆ ಮೊದಲನೆಯದರಲ್ಲಿ ಕಟ್ಟುವ ಒಟ್ಟು ಬಡ್ಡಿ ಸುಮಾರು 1,47,000, ಎರಡನೆಯದರಲ್ಲಿ 2,11,000. ಹತ್ತಿರ ಹತ್ತಿರ 64,000 ರೂಪಾಯಿ ಹೆಚ್ಚು. ಆದುದರಿಂದ ಆ ಪ್ರಶ್ನೆಗೆ ತಮ್ಮ ಉತ್ತರ ಒಂದೇ ಇರಲಿ: “ಅದನ್ನ ಆಮ್ಯಾಲ ನೋಡೋಣು ತಮ್ಮಾ. ಎಲ್ಲಾ ಕೂಡಿ ಎಷ್ಟಾಗತೈತಿ, ಹಾಳ್ಯಾಗ ಬರದು ಕೊಡು.”

ಹಾಳೆಯಲ್ಲಿ ಬರೆದು ಬರಬೇಕಾದ ಅಂಕಿಗಳು ಯಾವುವು? ಮೊದಲನೆಯದು ಎಕ್ಸ್–ಷೋರೂಮ್ ಬೆಲೆ. ಇದರಲ್ಲಿ ಸರಕು ಮತ್ತು ಸೇವಾ ತೆರಿಗೆ ಸೇರಿಯೇ ಇರುತ್ತದೆ. ಅದನ್ನು ಮತ್ತೆ ಕೂಡಿಸುವಂತಿಲ್ಲ. 2025ರ ಸೆಪ್ಟೆಂಬರ್ 22ರಿಂದ ಈ ತೆರಿಗೆಯ ದರ ಬದಲಾಯಿತು. ಉದ್ದ 4 ಮೀಟರಿಗೆ ಮೀರದ, ಎಂಜಿನ್ನು ಪೆಟ್ರೋಲಾದರೆ 1200 ಸಿ.ಸಿ., ಡೀಸೆಲಾದರೆ 1500 ಸಿ.ಸಿ. ಮೀರದ ಸಣ್ಣ ಕಾರುಗಳಿಗೆ ನೂರಕ್ಕೆ 18. ಅದಕ್ಕಿಂತ ದೊಡ್ಡವಕ್ಕೆ 40. ವಿದ್ಯುತ್ತಿನಿಂದ ಓಡುವವಕ್ಕೆ 5. ಒಂದೇ ಅಂಗಳದಲ್ಲಿ ನಿಂತ ಎರಡು ಗಾಡಿಗಳ ಬೆಲೆಯಲ್ಲಿ ಅಷ್ಟೊಂದು ಅಂತರವೇಕೆಂಬುದಕ್ಕೆ ಇದೂ ಒಂದು ಕಾರಣ.

ಎರಡನೆಯದು ರಾಜ್ಯ ಸರಕಾರದ ಜೀವಾವಧಿ ರಸ್ತೆ ತೆರಿಗೆ. ಕರ್ನಾಟಕದಲ್ಲಿ ಗಾಡಿಯ ಬೆಲೆ ಏರಿದಂತೆ ತೆರಿಗೆಯ ಪ್ರಮಾಣವೂ ಏರುತ್ತದೆ. ಐದರಿಂದ ಹತ್ತು ಲಕ್ಷದೊಳಗಿನ ಪೆಟ್ರೋಲ್ ಕಾರಿಗೆ ನೂರಕ್ಕೆ 14ರಂತೆ, ಎಂಟು ಲಕ್ಷದ ಗಾಡಿಗೆ 1,12,000 ರೂಪಾಯಿ, ಸೆಸ್ಸು ಬೇರೆ. ಇದರಲ್ಲಿ ಚೌಕಾಶಿಗೆ ಎಡೆಯಿಲ್ಲ. ಆದರೆ ಸರಕಾರದ ರಸೀದಿಯಲ್ಲಿ ಎಷ್ಟಿದೆಯೋ ಅಷ್ಟೇ ಕೊಡಬೇಕು, ಒಂದು ರೂಪಾಯಿಯೂ ಹೆಚ್ಚಲ್ಲ. ಗಾಡಿಯ ಬೆಲೆ ಹತ್ತು ಲಕ್ಷ ಮೀರಿದರೆ ನೂರಕ್ಕೆ ಒಂದರಂತೆ ಆದಾಯ ತೆರಿಗೆಯ ಲೆಕ್ಕಕ್ಕೆ ಹಿಡಿಯುತ್ತಾರೆ. ಅದು ಖರ್ಚಲ್ಲ, ತಮ್ಮ ಪ್ಯಾನ್ ಸಂಖ್ಯೆಗೆ ಜಮೆಯಾಗಿ, ರಿಟರ್ನ್ ಸಲ್ಲಿಸಿದಾಗ ತೆರಿಗೆಗೆ ವಜಾ ಆಗುತ್ತದೆ, ಇಲ್ಲವೆ ಹಿಂದಿರುಗಿ ಬರುತ್ತದೆ. ಎಷ್ಟೋ ಮಂದಿ ಇದನ್ನು ಮರೆತೇಬಿಡುತ್ತಾರೆ.

ಮೂರನೆಯದು ವಿಮೆ. ಟವಲು ದಪ್ಪವಾಗಿರುವುದು ಇಲ್ಲಿಯೇ. 2018ರ ಸೆಪ್ಟೆಂಬರಿನಿಂದ ಹೊಸ ಕಾರಿಗೆ ಮೂರು ವರ್ಷಗಳ ಮೂರನೆಯವರ ವಿಮೆ, ಅಂದರೆ ಥರ್ಡ್ ಪಾರ್ಟಿ ವಿಮೆ, ಕಡ್ಡಾಯ. ಇದರ ಕಂತನ್ನು ಕೇಂದ್ರ ಸರಕಾರವೇ ಗೊತ್ತುಮಾಡುತ್ತದೆ. ಯಾರ ಬಳಿಗೆ ಹೋದರೂ ಒಂದೇ. ಆದರೆ ಗಾಡಿಯ ಸ್ವಂತ ಹಾನಿಯ ವಿಮೆಯ ದರ ಕಂಪನಿಯಿಂದ ಕಂಪನಿಗೆ ಬೇರೆ. ಅಂಗಡಿಯಲ್ಲಿಯೇ ವಿಮೆ ಮಾಡಿಸಬೇಕೆಂಬ ಕಾನೂನು ಇಲ್ಲ. “ಇಲ್ಲೇ ಮಾಡಸ್ರಿ, ಇಲ್ಲಾಂದ್ರ ಗಾಡಿ ಸಿಗೂದಿಲ್ಲ” ಎಂದು ಯಾರಾದರೂ ಹೇಳಿದರೆ ಅದನ್ನೂ ಹಾಳೆಯ ಮೇಲೆ ಬರೆದು ಕೊಡಿರೆಂದು ಕೇಳಿ ನೋಡಿರಿ. ಹೊರಗೆ ಒಂದೆರಡು ಕಡೆ ದರ ವಿಚಾರಿಸಿ ಬಂದರೆ, ಅದೇ ಅಂಗಡಿಯಲ್ಲಿ ವಿಮೆಯ ಅಂಕಿ ಇಳಿಯುವುದುಂಟು.

ನಾಲ್ಕನೆಯದು ನಾನಾ ಹೆಸರಿನ ಸಣ್ಣ ಸಣ್ಣ ಬಾಬುಗಳು: ಹ್ಯಾಂಡ್ಲಿಂಗ್ ಚಾರ್ಜು, ಲಾಜಿಸ್ಟಿಕ್ಸು, ಬಿಡಿ ಸಾಮಾನಿನ ಕಟ್ಟು, ಬಣ್ಣಕ್ಕೆ ಲೇಪ, ಹೆಚ್ಚಿನ ವರ್ಷಗಳ ವಾರಂಟಿ. ಪ್ರತಿಯೊಂದರ ಮೇಲೂ ಬೆರಳಿಟ್ಟು ಕೇಳಿರಿ: ಇದು ಸರಕಾರಕ್ಕೆ ಹೋಗುವ ಹಣವೇ, ಅಂಗಡಿಗೆ ಹೋಗುವ ಹಣವೇ? ಸರಕಾರಕ್ಕಾದರೆ ರಸೀದಿ ಇರುತ್ತದೆ. ಅಂಗಡಿಗಾದರೆ ಬೇಕೆನಿಸಿದರೆ ಕೊಡಬಹುದು, ಬೇಡವೆನ್ನಬಹುದು. 2019ರ ಏಪ್ರಿಲ್ 1ರಿಂದ ತಯಾರಾದ ಗಾಡಿಗಳಿಗೆ ಹೈ ಸೆಕ್ಯುರಿಟಿ ನಂಬರ್ ಪ್ಲೇಟು ಗಾಡಿಯೊಡನೆಯೇ ಬರಬೇಕಾದುದು. ಅದಕ್ಕೆ ಬೇರೆ ಬಾಬು ಬರೆದಿದ್ದರೆ ಏಕೆಂದು ಕೇಳಿರಿ. ಕೊನೆಗೆ ರಿಯಾಯಿತಿ. ನಗದು ರಿಯಾಯಿತಿ ಎಷ್ಟು, ಹಳೆಯ ಗಾಡಿ ಕೊಟ್ಟರೆ ಎಷ್ಟು, ನೌಕರರಿಗೆ ಎಷ್ಟು ಎಂದು ಬೇರೆ ಬೇರೆ ಬರೆಯಿಸಿರಿ. ಹತ್ತು ಸಾವಿರದ ಬಿಡಿ ಸಾಮಾನು ಪುಕ್ಕಟೆ ಎಂಬುದಕ್ಕಿಂತ ಬೆಲೆಯಲ್ಲಿ ಐದು ಸಾವಿರ ಇಳಿಸಿದರೇ ಅನೇಕ ವೇಳೆ ಲಾಭ.

ಸಾಲದ ಮಾತು ಗಾಡಿಯ ಬೆಲೆ ಗೊತ್ತಾದ ಮೇಲೆ ಬರಬೇಕು. ಮೊದಲು ತಮ್ಮ ಊರಿನ ಬ್ಯಾಂಕಿನಲ್ಲಿ ದರ ಕೇಳಿಕೊಂಡು ಬನ್ನಿರಿ. 2024ರ ಅಕ್ಟೋಬರ್ 1ರಿಂದ ರಿಸರ್ವ್ ಬ್ಯಾಂಕಿನ ನಿಯಮದಂತೆ, ಸಾಲ ಕೊಡುವವರು ಮುಖ್ಯಾಂಶಗಳ ಒಂದು ಪತ್ರವನ್ನು ಕೊಡಬೇಕು. ಬಡ್ಡಿಯೊಡನೆ ಶುಲ್ಕಗಳೆಲ್ಲ ಸೇರಿ ವರ್ಷಕ್ಕೆ ನೂರಕ್ಕೆ ಎಷ್ಟು ಬಿದ್ದಂತಾಯಿತು ಎಂಬುದು ಅದರಲ್ಲಿ ಒಂದೇ ಅಂಕಿಯಾಗಿ ಬರೆದಿರುತ್ತದೆ. ಎರಡು ಸಾಲಗಳನ್ನು ತೂಗುವಾಗ ಈ ಅಂಕಿಯನ್ನೇ ನೋಡಿರಿ. ಅವಧಿಗೆ ಮುಂಚೆ ತೀರಿಸಿದರೆ ದಂಡವುಂಟೇ ಎಂಬುದನ್ನೂ ಕೇಳಿರಿ. ಸುಗ್ಗಿಯ ಹಣ ಒಮ್ಮೆಗೇ ಬರುವ ನಮ್ಮ ಕಡೆಯ ಮನೆಗಳಿಗೆ ಈ ಪ್ರಶ್ನೆ ಬಹಳ ಮುಖ್ಯ.

ಹಳೆಯ ಗಾಡಿಯನ್ನು ಬದಲಿಗೆ ಕೊಡುವವರು ಇನ್ನೊಂದು ಎಚ್ಚರ ವಹಿಸಬೇಕು. ಹೊಸದರ ಬೆಲೆ ಮುಗಿಯುವವರೆಗೆ ಹಳೆಯದರ ಮಾತೆತ್ತಬಾರದು. ಎತ್ತಿದರೆ ಅತ್ತ ಏರಿಸಿ ಇತ್ತ ಇಳಿಸುವ ಆಟ ಆರಂಭವಾಗುತ್ತದೆ. ಹಳೆಯ ಗಾಡಿಯನ್ನು ಕೊಟ್ಟ ಮೇಲೆ ನೋಂದಣಿ ಪತ್ರದಲ್ಲಿ ಹೆಸರು ಬದಲಾಗುವವರೆಗೆ ಹೊಣೆ ತಮ್ಮದೇ. 2018ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನೇ ಹೇಳಿದೆ: ಅಪಘಾತದ ಪರಿಹಾರದ ಪ್ರಶ್ನೆ ಬಂದಾಗ, ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು. ಇನ್ನು, ವಿಮೆಯಲ್ಲಿ ಪರಿಹಾರ ಕೇಳದೆ ಉಳಿಸಿಕೊಂಡ ಬೋನಸ್ಸು ಗಾಡಿಯದಲ್ಲ, ಮಾಲೀಕರದು. ಐದು ವರ್ಷ ಪರಿಹಾರ ಕೇಳದಿದ್ದರೆ ಅದು ಸ್ವಂತ ಹಾನಿಯ ಕಂತಿನ ನೂರಕ್ಕೆ 50ರವರೆಗೆ ಮುಟ್ಟುತ್ತದೆ. ವಿಮಾ ಕಂಪನಿಯಿಂದ ಪತ್ರ ಪಡೆದು ಅದನ್ನು ಹೊಸ ಗಾಡಿಗೆ ತೆಗೆದುಕೊಂಡು ಹೋಗಬಹುದು.

ಬೆಲೆಯ ವಿಷಯದಲ್ಲಿ ನಮ್ಮ ನಾಲ್ಕು ತಾಲ್ಲೂಕುಗಳಿಗೆ ಒಂದು ಅನುಕೂಲವಿದೆ. ಇಂಡಿಯವರಿಗೆ ವಿಜಯಪುರ ಒಂದು ಕಡೆ, ಸೊಲ್ಲಾಪುರ ಇನ್ನೊಂದು ಕಡೆ. ಸಿಂದಗಿಯವರಿಗೆ ವಿಜಯಪುರವೂ ಕಲಬುರಗಿಯೂ ಒಂದೇ ಹೆದ್ದಾರಿಯ ಎರಡು ತುದಿಗಳು. ಮುದ್ದೇಬಿಹಾಳ, ಬಾಗೇವಾಡಿಗಳಿಗೆ ಬಾಗಲಕೋಟೆಯೂ ಉಂಟು. ಒಂದೇ ಗಾಡಿಗೆ, ಒಂದೇ ದರ್ಜೆಗೆ, ಎರಡು ಊರುಗಳಿಂದ ಎರಡು ಹಾಳೆ ತಂದು ಮನೆಯ ಜಗುಲಿಯ ಮೇಲೆ ಅಕ್ಕಪಕ್ಕ ಇಡಿರಿ. ಯಾವ ಸಾಲಿನಲ್ಲಿ ಯಾರು ಎಷ್ಟು ಏರಿಸಿದ್ದಾರೆಂಬುದು ಆಗ ತಾನಾಗಿಯೇ ಕಾಣುತ್ತದೆ. ಮಹಾರಾಷ್ಟ್ರದಲ್ಲಿ ಕೊಂಡರೂ, ನಮ್ಮ ವಿಳಾಸಕ್ಕೆ ಕೆಎ 28 ಸಂಖ್ಯೆ ಬೇಕಾದರೆ ರಸ್ತೆ ತೆರಿಗೆಯನ್ನು ಕರ್ನಾಟಕಕ್ಕೇ ಕಟ್ಟಬೇಕೆಂಬುದು ನೆನಪಿರಲಿ. ಅಲ್ಲಿನ ತೆರಿಗೆಯ ಅಂಕಿಯನ್ನು ಇಲ್ಲಿನದಕ್ಕೆ ಹೋಲಿಸಿ ಮೋಸಹೋಗಬಾರದು.

“ಈ ರೇಟು ಇವತ್ತೊಂದೇ ದಿನ” ಎಂಬ ಮಾತನ್ನು ತಾವು ಕೇಳಿಯೇ ಕೇಳುತ್ತೀರಿ. ತಿಂಗಳ ಕೊನೆಯಲ್ಲಿ ಗುರಿ ಮುಟ್ಟುವ ಅವಸರ ಅವರದು. ಆಗ ನಿಧಾನವಾಗಿರುವವರಿಗೇ ಲಾಭ. ವರ್ಷದ ಕೊನೆಯ ರಿಯಾಯಿತಿಗಳು ನಿಜವಾಗಿಯೂ ದೊಡ್ಡವಿರಬಹುದು. ಆದರೆ ಡಿಸೆಂಬರಿನಲ್ಲಿ ಕೊಂಡ ಗಾಡಿ ಜನವರಿಗೆ ಒಂದು ವರ್ಷ ಹಳೆಯದೆನಿಸಿಕೊಳ್ಳುತ್ತದೆ. ನೋಂದಣಿ ಪತ್ರದಲ್ಲಿ ತಯಾರಾದ ತಿಂಗಳು, ವರ್ಷ ಎರಡೂ ಬರೆದಿರುತ್ತವೆ. ಮುಂದೆ ಮಾರುವಾಗ ಕೊಳ್ಳುವವರು ಮೊದಲು ನೋಡುವ ಹಲ್ಲು ಅದೇ. ಹತ್ತು ವರ್ಷ ಇಟ್ಟುಕೊಳ್ಳುವವರಿಗೆ ಚಿಂತೆಯಿಲ್ಲ; ಮೂರು ವರ್ಷಕ್ಕೆ ಮಾರುವವರು ಲೆಕ್ಕ ಹಾಕಬೇಕು.

ಒಳ್ಳೆಯ ದಿನ ನೋಡಿ ಗಾಡಿ ತರುವುದು ನಮ್ಮ ಪದ್ಧತಿ. ಆಯುಧ ಪೂಜೆ, ದೀಪಾವಳಿಯ ಪಾಡ್ಯ, ಯುಗಾದಿ. ಬಸವಣ್ಣನವರು ಹುಟ್ಟಿದ ಬಾಗೇವಾಡಿಯ ಸೀಮೆಯವರಿಗಂತೂ ಅಕ್ಷಯ ತದಿಗೆಯ ದಿನವೇ ಬಸವ ಜಯಂತಿ. ಆ ದಿನ ಗಾಡಿ ತರಲಿ, ತೆಂಗಿನಕಾಯಿ ಒಡೆಯಲಿ, ಸಂತೋಷವೇ. ಆದರೆ ಚೌಕಾಶಿ ಅದಕ್ಕೂ ಮೂರು ನಾಲ್ಕು ವಾರ ಮುಂಚೆಯೇ ಮುಗಿದಿರಲಿ. ಮುಂಗಡಕ್ಕೆ ರಸೀದಿ ಪಡೆಯಿರಿ. ಬಣ್ಣ, ದರ್ಜೆ, ಒಟ್ಟು ಬೆಲೆ, ಕೊಡುವ ದಿನ, ಬೇಡವೆಂದರೆ ಎಷ್ಟು ಹಣ ಹಿಂದಿರುಗುತ್ತದೆ ಎಂಬುದೆಲ್ಲ ಅದರಲ್ಲಿರಲಿ. ನೋಂದಣಿಗೆ ಹೋಗುವ ಮುಂಚೆ, ಹಗಲು ಬೆಳಕಿನಲ್ಲಿ, ತಮಗಾಗಿ ಬಂದ ಗಾಡಿಯನ್ನು ಒಮ್ಮೆ ಸುತ್ತಿ ನೋಡಿರಿ: ಬಣ್ಣದಲ್ಲಿ ಗೀರು, ಗಾಜಿನಲ್ಲಿ ಬಿರುಕು, ಮೀಟರಿನ ಅಂಕಿ, ಚಾಸಿ ಸಂಖ್ಯೆ, ತಯಾರಾದ ತಿಂಗಳು. ನೋಂದಣಿ ಆದ ಮೇಲೆ ಆ ಗಾಡಿ ತಮ್ಮದು, ದೋಷಗಳೂ ತಮ್ಮವು ಎಂಬ ವಾದ ಶುರುವಾಗುತ್ತದೆ.

ಇಷ್ಟೆಲ್ಲ ಮಾಡಿಯೂ ಮೋಸವಾದರೆ? ಮೊದಲು ಅಂಗಡಿಗೂ ಕಂಪನಿಗೂ ಬರಹದಲ್ಲಿ ದೂರು ಕೊಡಿರಿ. 1915 ಎಂಬ ಸಂಖ್ಯೆಗೆ ಫೋನು ಮಾಡಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ದೊರೆಯುತ್ತದೆ. ಅದರಿಂದಲೂ ಆಗದಿದ್ದರೆ ವಿಜಯಪುರದಲ್ಲಿ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗವಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ ಗ್ರಾಹಕರು ತಾವು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಸಲ್ಲಿಸಬಹುದು. ಸೊಲ್ಲಾಪುರದಲ್ಲಿ ಕೊಂಡ ಗಾಡಿಗಾಗಿ ಸೊಲ್ಲಾಪುರಕ್ಕೆ ಅಲೆಯಬೇಕಾಗಿಲ್ಲ. ಕೊಟ್ಟ ಬೆಲೆ 50 ಲಕ್ಷ ಮೀರದ ವ್ಯವಹಾರಗಳು ಜಿಲ್ಲಾ ಆಯೋಗದ ವ್ಯಾಪ್ತಿಗೆ ಬರುತ್ತವೆ. ತೊಂದರೆ ಹುಟ್ಟಿದಂದಿನಿಂದ ಎರಡು ವರ್ಷದೊಳಗೆ ದೂರು ಕೊಡಬೇಕು. ಆದರೆ ಆಯೋಗದ ಮುಂದೆ ನಿಲ್ಲುವುದು ಕಾಗದ. ಬಾಯಿಮಾತಿನಲ್ಲಿ ಕೊಟ್ಟ ವಚನಕ್ಕೆ ಅಲ್ಲಿ ಸಾಕ್ಷಿ ಹುಡುಕುವುದು ಕಷ್ಟ.

ಅದಕ್ಕೆಂದೇ ಈ ಲೇಖನದುದ್ದಕ್ಕೂ ಹಾಳೆ, ಹಾಳೆ ಎಂದು ಹೇಳಿದ್ದಾಯಿತು. ಜಾತ್ರೆಯಲ್ಲಿ ಟವಲಿನ ಕೆಳಗಿನ ವ್ಯವಹಾರ ಸರಿಹೋಗುತ್ತಿತ್ತು. ಏಕೆಂದರೆ ಎರಡೂ ಕೈಗಳು ಒಳಗಿದ್ದವು, ಎರಡಕ್ಕೂ ಬೆರಳಿನ ಭಾಷೆ ಗೊತ್ತಿತ್ತು. ಕಾರಿನ ಅಂಗಡಿಯಲ್ಲಿ ಆ ಭಾಷೆ ಗೊತ್ತಿರುವುದು ಒಬ್ಬರಿಗೆ ಮಾತ್ರ. ಅದನ್ನು ನಾವು ಕಲಿಯಬೇಕಾಗಿಲ್ಲ. ಟವಲು ಸರಿಸಿದರೆ ಸಾಕು. ಮುಂದಿನ ಸಲ ವಿಜಯಪುರಕ್ಕೆ ಹೊರಡುವಾಗ ಮನೆಯ ಅಜ್ಜನನ್ನೂ ಜೊತೆಗೆ ಕರೆದೊಯ್ಯಿರಿ. ಆತನಿಗೆ ಗೇರಿನ ವಿಚಾರ ತಿಳಿಯದಿರಬಹುದು. ಆದರೆ ಮಾರುವವನು ಅವಸರ ಮಾಡಿದಾಗ ಎದ್ದು, ಹೆಗಲ ಮೇಲಿನ ಟವಲು ಕೊಡವಿ, “ಬರತೀವಪಾ, ಮತ್ತೊಂದಿನ ನೋಡೋಣು” ಎಂದು ಹೊರಟು ಬರುವ ವಿದ್ಯೆ ಆತನಿಗೆ ಚೆನ್ನಾಗಿ ಗೊತ್ತು. ಚೌಕಾಶಿಯಲ್ಲಿ ಅದಕ್ಕಿಂತ ದೊಡ್ಡ ವಿದ್ಯೆ ಮತ್ತೊಂದಿಲ್ಲ.